ಕೆನ್ನೆಯೊಳಗಿನ ಕಿಚ್ಚು

ಶ್ರೀನಿವಾಸಪುರದ ಮಾವಿನ ತೋಪಿನಲ್ಲಾಗಲಿ, ಮಾಲೂರಿನ ಇಟ್ಟಿಗೆಗೂಡಿನ ಬಳಿಯಲ್ಲಾಗಲಿ, ಮುಳಬಾಗಿಲಿನ ರಾಗಿಯ ಹೊಲದಲ್ಲಾಗಲಿ, ದುಡಿಯುವ ಹೆಂಗಸಿನ ಸೆರಗಿನ ತುದಿಯಲ್ಲಿ ಒಂದು ಪುಟ್ಟ ಗಂಟು ಇರುವುದುಂಟು. ಎಲೆ, ಅಡಕೆ, ಸುಣ್ಣ, ಹೊಗೆಸೊಪ್ಪು: ಇಷ್ಟೇ ಅದರೊಳಗಿನ ಸಂಪತ್ತು. ಹಸಿವನ್ನೂ ದಣಿವನ್ನೂ ಮರೆಸುವ ಗೆಳತಿ ಅದು. ಕೆಲವರಂತೂ ರಾತ್ರಿಯೂ ಅದರ ಉಂಡೆಯನ್ನು ಕೆನ್ನೆಯಲ್ಲಿ ಒತ್ತರಿಸಿಕೊಂಡೇ ನಿದ್ರಿಸುವರು. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು, ಕೆನ್ನೆಯ ಒಳಪದರದ ಕ್ಯಾನ್ಸರಿಗೆ ತುತ್ತಾದ ಹೆಂಗಸರಲ್ಲಿ ಈ ಅಭ್ಯಾಸವನ್ನೇ ಮತ್ತೆ ಮತ್ತೆ ಕಂಡಿದ್ದಾರೆ.

ತಾಂಬೂಲವು ಮಂಗಳದ್ರವ್ಯ. ಅದಿಲ್ಲದೆ ಮದುವೆಯಿಲ್ಲ, ಬಾಗಿನವಿಲ್ಲ. ಅಂತಹುದು ಮೃತ್ಯುವಿಗೆ ಬಾಗಿಲು ತೆರೆಯುವುದೆಂತು?

ಪೆಟ್ಟು ಬಿದ್ದೆಡೆ ಕೆಂಪು, ಬಿಸಿ, ಬಾವು, ನೋವು ತೋರುವುವೆಂದು ರೋಮಿನ ಸೆಲ್ಸಸ್ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟನು. ಇದೇ ಉರಿಯೂತ. ಇದು ಹಗೆಯಲ್ಲ, ಗಾಯವನ್ನು ಮಾಯಿಸಲು ದೇಹವೇ ಹೂಡುವ ಯಜ್ಞ. ಅದರ ಅಧ್ವರ್ಯುಗಳಲ್ಲೊಂದು ಸೈಕ್ಲೋಆಕ್ಸಿಜನೇಸ್-2 ಎಂಬ ಕಿಣ್ವ. ಇದರ ಇರವು ತಿಳಿದುಬಂದುದು 1991ರಲ್ಲಿ. ಬಹುಪಾಲು ಅಂಗಗಳಲ್ಲಿ ಸುಮ್ಮನಿರುವ ಇದು, ಗಾಯವಾದೊಡನೆ ಎಚ್ಚೆತ್ತು ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ಸಿದ್ಧಪಡಿಸತೊಡಗುವುದು. ಇವು ನೋವನ್ನು ತೀಕ್ಷ್ಣಗೊಳಿಸುವುವು. ಜೀವಕೋಶಗಳನ್ನು ಸಾಯಗೊಡದೆ ಕಾಯುವುವು. ಹೊಸ ರಕ್ತನಾಳಗಳು ಚಿಗುರುವಂತೆ ಮಾಡುವ ಪ್ರೋಟೀನುಗಳನ್ನು ಪ್ರಚೋದಿಸುವುವು. ಗಾಯ ಮಾಯ್ದ ಮೇಲೆ ಎಲ್ಲವೂ ಶಾಂತ.

ಆದರೆ ಮಾಯಲು ಬಿಡುವೇ ದೊರೆಯದಿದ್ದರೆ? ಸುಣ್ಣವು ಕೆನ್ನೆಯ ಪದರವನ್ನು ದಿನವೂ ಕೆರಳಿಸುತ್ತದೆ. ಹೊಗೆಸೊಪ್ಪಿನ ವಿಷವು ಜೀವಕೋಶದ ವಂಶಲಿಪಿಯನ್ನೇ ಕೆಡಿಸುತ್ತದೆ. ಕೆಟ್ಟ ಕೋಶ ಸಾಯುವುದು ಪ್ರಕೃತಿಯ ಧರ್ಮ; ಆರದ ಉರಿಯೂತವು ಅದನ್ನು ಬದುಕಿಸಿ ಸಾಕುತ್ತದೆ. ಗಂತಿಗಳೊಳಗೆ ಬಿಳಿಯ ರಕ್ತಕಣಗಳನ್ನು ಕಂಡು, ಜರ್ಮನಿಯ ವಿರ್ಚೋ 1863ರಲ್ಲಿಯೇ ಈ ನಂಟನ್ನು ಊಹಿಸಿದ್ದನು.

ರಕ್ತನಾಳಗಳ ಬೆಂಬಲವಿಲ್ಲದೆ ಗಂತಿಯು ಕೆಲವೇ ಮಿಲಿಮೀಟರನ್ನು ಮೀರಿ ಬೆಳೆಯಲಾರದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಸಾರಿದರು. ಕೋಲಾರದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿಲ್ಲದ ನೆಲದಲ್ಲಿ ಕಳೆಯೂ ಸೊರಗುತ್ತದೆ. ಆದರೆ ಈ ಕಳೆ ತನ್ನ ಕಾಲುವೆಯನ್ನು ತಾನೇ ತೋಡಿಸಿಕೊಳ್ಳುತ್ತದೆ. ತೋಡುವ ಆಳುಗಳಲ್ಲಿ ಆ ಕಿಣ್ವವೂ ಒಂದು. ಬಾಯಿಯ ಕ್ಯಾನ್ಸರ್ ಗಂತಿಗಳಲ್ಲಿ ಅದು ಹೇರಳವಾಗಿ ಕಂಡುಬಂದಿದೆ. ಗಾಯ ಮಾಯಿಸುವ ಕೈಯೇ ಗಂತಿಗೆ ಅನ್ನವಿಕ್ಕುತ್ತದೆ.

ಹಾಗಾದರೆ ಕಿಣ್ವವನ್ನು ಕಟ್ಟಿಹಾಕಬಾರದೆ? ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆಯುವುದೆಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿದುದು ಅದೇ 1971ರಲ್ಲಿ; 1982ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆದರೆ ಆಸ್ಪಿರಿನ್ ಜಠರದಲ್ಲಿ ರಕ್ತಸ್ರಾವವನ್ನುಂಟುಮಾಡಬಲ್ಲುದು. ಈ ಕಿಣ್ವವೊಂದನ್ನೇ ಗುರಿಯಾಗಿಟ್ಟು ತಯಾರಾದ ರೋಫೆಕಾಕ್ಸಿಬ್ ಎಂಬ ಔಷಧವು ಹೃದಯಾಘಾತವನ್ನು ಹೆಚ್ಚಿಸಿತೆಂದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಆದುದರಿಂದ ವೈದ್ಯರನ್ನು ಕೇಳದೆ ಗುಳಿಗೆ ನುಂಗಿ ಕ್ಯಾನ್ಸರನ್ನು ತಡೆಯಹೊರಡುವುದು ಜಾಣತನವಲ್ಲ.

ಕಿಚ್ಚನ್ನಾರಿಸುವ ನೇರವಾದ ಹಾದಿಯೆಂದರೆ ಸೌದೆಯನ್ನು ಹಿರಿಯುವುದು. ಹೊಗೆಸೊಪ್ಪನ್ನು ಬಿಟ್ಟರಷ್ಟೇ ಸಾಲದು. ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಪ್ರಕಟಿಸಿದೆ. ಬಾಯಲ್ಲಿ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ: ಇವು ಮುನ್ಸೂಚನೆಗಳು. ಮೊದಮೊದಲು ನೋವಿರದು, ಅದೇ ಅದರ ಮೋಸ. ಪಟ್ಟಣದ ಮನೆಗಳಲ್ಲಿಯೂ ಎಲೆಯ ಪೆಟ್ಟಿಗೆಯ ಅಜ್ಜಿಯುಂಟು, ಮುಸುರೆ ತಿಕ್ಕಲು ಬರುವ ಹೆಂಗಸುಂಟು. ಸಂಕೋಚವು ಇವರನ್ನು ವೈದ್ಯರಿಂದ ದೂರವಿರಿಸುತ್ತದೆ. ಕೈಹಿಡಿದು ಕರೆದೊಯ್ಯುವವರೊಬ್ಬರು ಮನೆಯಲ್ಲಿದ್ದರೆ, ಗಂತಿಯು ಕಾಲುವೆ ತೋಡುವ ಮೊದಲೇ ಅದನ್ನು ಕಿತ್ತೊಗೆಯಬಹುದು.