ಕಣ್ಣಿನ ಚಲನೆ, ಮನಸ್ಸಿನ ಗಾಯ, ತಾಯ್ನುಡಿ

ಕಾಲವೇ ಎಲ್ಲ ನೋವಿಗೂ ಮದ್ದು ಎಂಬುದು ಹಿರಿಯರ ಮಾತು. ಬಹುಪಾಲು ದುಃಖಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವು ಆಘಾತಗಳನ್ನು ಕಾಲವೊಂದೇ ಮಾಯಿಸಲಾರದು. ಹೆದ್ದಾರಿಯ ಅಪಘಾತದಲ್ಲಿ ಬದುಕುಳಿದವನಿಗೆ ವರ್ಷಗಳಾದ ಮೇಲೂ ಲಾರಿಯ ಬ್ರೇಕಿನ ಸದ್ದು ಕೇಳಿದೊಡನೆ ಮೈ ನಡುಗುತ್ತದೆ. 2021ರ ಕೊರೊನಾ ಅಲೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲೇ ಪತಿಯನ್ನು ಬೀಳ್ಕೊಟ್ಟವಳಿಗೆ ನಡುರಾತ್ರಿಯ ದೂರವಾಣಿ ಕರೆ ಇಂದಿಗೂ ಎದೆಬಡಿತವನ್ನು ಏರಿಸುತ್ತದೆ. ಘಟನೆ ಮುಗಿದಿದ್ದರೂ ಮನಸ್ಸು ಅದನ್ನು ಮುಗಿದುದೆಂದು ಒಪ್ಪಿರುವುದಿಲ್ಲ.

ಇಂತಹ ಗಾಯಗಳಿಗೆ ಇರುವ ಚಿಕಿತ್ಸೆಗಳಲ್ಲಿ ಕಣ್ಣಿನ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ವಿಧಾನವೂ ಒಂದು. ಅಮೆರಿಕದ ಮನೋವಿಜ್ಞಾನಿ ಫ್ರಾನ್ಸಿನ್ ಶಪೀರೋ 1987ರಲ್ಲಿ ಇದನ್ನು ರೂಪಿಸತೊಡಗಿ, 1989ರಲ್ಲಿ ಮೊದಲ ಅಧ್ಯಯನವನ್ನು ಪ್ರಕಟಿಸಿದರು. ರೋಗಿಯು ಕಹಿ ನೆನಪನ್ನು ಮನಸ್ಸಿನಲ್ಲಿರಿಸಿಕೊಂಡೇ ಚಿಕಿತ್ಸಕರ ಬೆರಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣಿನಿಂದ ಹಿಂಬಾಲಿಸಬೇಕು. ಎರಡೂ ಕೆಲಸಗಳನ್ನು ಏಕಕಾಲಕ್ಕೆ ನಡೆಸಬೇಕಾದಾಗ ಆ ದೃಶ್ಯದ ತೀವ್ರತೆ ಕುಗ್ಗುತ್ತದೆ ಎಂಬುದು ಒಂದು ವಿವರಣೆ. ನೆನಪು ಅಳಿಯುವುದಿಲ್ಲ, ಅದರ ಇರಿತ ಮಾತ್ರ ಮಂದವಾಗುತ್ತದೆ. ಫಲ ಕಣ್ಣಿನ ಚಲನೆಯಿಂದಲೇ ಬರುತ್ತದೆಯೋ ಅಥವಾ ನೆನಪನ್ನು ಧೈರ್ಯದಿಂದ ಎದುರಿಸುವುದರಿಂದಲೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಿಂತಿಲ್ಲ. ಆದರೂ ಆಘಾತಾನಂತರದ ಮನೋವ್ಯಾಧಿಗೆ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಶಿಫಾರಸು ಮಾಡಿದ ವಿಧಾನಗಳಲ್ಲಿ ಇದೂ ಸೇರಿದೆ.

ಪುಣೆಯ ಹಡಪಸರಕ್ಕೆ ಹೊಂದಿಕೊಂಡಿರುವ ಮಗರಪಟ್ಟಾದ ಕನ್ನಡಿಗರು ಈ ವಿಷಯವನ್ನು ಗಮನಿಸಲು ವಿಶೇಷ ಕಾರಣವಿದೆ. ಮಗರ್ ಮನೆತನದ ರೈತರು ತಮ್ಮ ಸುಮಾರು 400 ಎಕರೆ ಹೊಲಗಳನ್ನು ಒಗ್ಗೂಡಿಸಿ ಕಟ್ಟಿದ ಈ ಬಡಾವಣೆಯಲ್ಲಿ ದೂರದೂರದಿಂದ ಬಂದವರು ನೆಲೆಸಿದ್ದಾರೆ. ಕಚೇರಿಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮರಾಠಿ, ನೆರೆಯವರೊಡನೆ ಹಿಂದಿ ಎಂದು ಬಾಳುವ ಕನ್ನಡಿಗನಿಗೆ ತನ್ನ ಆಳದ ನೋವನ್ನು ಪರಭಾಷೆಯಲ್ಲಿ ಬಣ್ಣಿಸುವುದು ಕಷ್ಟ. ಈ ಚಿಕಿತ್ಸೆಯಲ್ಲಿ ಘಟನೆಯನ್ನು ಸವಿಸ್ತಾರವಾಗಿ ಹೇಳಲೇಬೇಕೆಂಬ ನಿರ್ಬಂಧವಿಲ್ಲ. ಅದು ದೊಡ್ಡ ಅನುಕೂಲವೇ ಸರಿ.

ಹಾಗೆಂದು ಭಾಷೆಯ ಅಗತ್ಯವೇ ಇಲ್ಲವೆಂದು ತಿಳಿಯಬಾರದು. ಆ ಘಟನೆ ತನ್ನ ಬಗ್ಗೆ ಯಾವ ಭಾವನೆಯನ್ನು ಉಳಿಸಿಹೋಯಿತು ಎಂಬುದನ್ನು ರೋಗಿಯು ಒಂದೇ ವಾಕ್ಯದಲ್ಲಿ ಹೇಳಬೇಕಾಗುತ್ತದೆ. 'ತಪ್ಪೆಲ್ಲ ನನ್ನದೇ' ಎಂಬಂತಹ ಆ ವಾಕ್ಯದ ಬದಲು ಯಾವ ಮಾತನ್ನು ನಂಬಲು ಬಯಸುತ್ತಾನೆ ಎಂಬುದನ್ನೂ ಹೇಳಬೇಕು. ಇವೆರಡು ಮಾತುಗಳು ಅವನೊಳಗೆ ತಾಯ್ನುಡಿಯಲ್ಲೇ ಕುಳಿತಿರುತ್ತವೆ. ಅನುವಾದಿಸಿ ಹೇಳಿದರೆ ಅವುಗಳ ಮೊನೆ ಮೊಂಡಾಗುತ್ತದೆ. ಆದುದರಿಂದ ಕನ್ನಡ ಬಲ್ಲ ಚಿಕಿತ್ಸಕರು ದೊರೆತರೆ ಉತ್ತಮ. ದೊರೆಯದಿದ್ದರೆ ಆ ವಾಕ್ಯಗಳನ್ನು ಕನ್ನಡದಲ್ಲೇ ಮನಸ್ಸಿನಲ್ಲಿರಿಸಿಕೊಳ್ಳಲು ಅನುಮತಿ ಕೇಳುವುದು ಯುಕ್ತ.

ಬೆರಳಾಡಿಸುವುದು ಮಂತ್ರದಂಡವನ್ನು ಬೀಸಿದಂತಲ್ಲ ಎಂಬ ಎಚ್ಚರವೂ ಅವಶ್ಯ. ಇದು ಎಂಟು ಹಂತಗಳ ವಿಧಾನ. ರೋಗಿಯ ಪೂರ್ವವೃತ್ತಾಂತವನ್ನು ತಿಳಿದು, ಮನಸ್ಸನ್ನು ಶಾಂತಗೊಳಿಸುವ ಬಗೆಯನ್ನು ಕಲಿಸಿದ ಮೇಲೆಯೇ ಕಣ್ಣಿನ ಚಲನೆ ಆರಂಭವಾಗುತ್ತದೆ. ತರಬೇತಿಯಿಲ್ಲದವರ ಕೈಯಲ್ಲಿ ನೆನಪು ಕೆದಕಲ್ಪಟ್ಟು ಬಾಧೆ ಹೆಚ್ಚಬಹುದು. ಮನೋವೈದ್ಯರು ಕೊಟ್ಟ ಔಷಧಿಯನ್ನು ತಾನಾಗಿ ನಿಲ್ಲಿಸುವುದೂ ಸಲ್ಲದು.

ಹಬ್ಬ, ನಾಟಕ, ರಾಜ್ಯೋತ್ಸವಗಳಿಗಾಗಿ ಸೇರುವ ಕನ್ನಡ ಸಂಘಗಳು ಕನ್ನಡ ಬಲ್ಲ ಮನಃಶಾಸ್ತ್ರಜ್ಞರ ಪಟ್ಟಿಯೊಂದನ್ನು ಸಿದ್ಧಪಡಿಸಿಟ್ಟರೆ ಅದು ಮಹತ್ವದ ಸೇವೆಯಾದೀತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತಿರುವ 'ಟೆಲಿ ಮಾನಸ್' ಉಚಿತ ಸಹಾಯವಾಣಿಯ ಸಂಖ್ಯೆ 14416ನ್ನೂ ಅದರೊಡನೆ ಮುದ್ರಿಸಬಹುದು. ಊರಿನಲ್ಲಿ ಜಗಲಿಯ ಮೇಲೆ ಕುಳಿತು ನೋವನ್ನು ಕೇಳುತ್ತಿದ್ದ ಬಂಧುಗಳು ಇಲ್ಲಿ ಇಲ್ಲ. ಆ ಜಗಲಿಯ ಸ್ಥಾನವನ್ನು ಸಂಘವೇ ತುಂಬಬೇಕು. ಮುರಿದ ಮೂಳೆಯನ್ನು ಯಾರೂ ನಾಚಿಕೆಯಿಂದ ಮುಚ್ಚಿಡುವುದಿಲ್ಲ. ನೊಂದ ಮನಸ್ಸನ್ನೂ ಮುಚ್ಚಿಡಬೇಕಾಗಿಲ್ಲ.