ಗೋಡೆಗೇರಿದ ಒಗಟು

ಮನೆಯ ಗೋಡೆಯನ್ನು ಅಲಂಕರಿಸುವ ಚಿತ್ರಗಳಲ್ಲಿ ಒಂದು ಬಗೆ ವಿಚಿತ್ರವಾದುದು. ದೂರದಿಂದ ನೋಡಿದರೆ ಅದು ಕಾಡಿನ ನಡುವೆ ತಲೆಯೆತ್ತಿ ನಿಂತ ಅರಮನೆ. ಹತ್ತಿರ ಹೋದರೆ ಅರಮನೆಯ ಮೇಲೂ ಕಾಡಿನ ಮೇಲೂ ಡೊಂಕುಗೆರೆಗಳ ಒಂದು ಬಲೆ ಹರಡಿಕೊಂಡಿರುವುದು ಕಾಣುತ್ತದೆ. ಅದು ಜಿಗ್‌ಸಾ ಒಗಟು. ರಟ್ಟಿಗೆ ಅಂಟಿಸಿದ ಒಂದು ಚಿತ್ರವನ್ನು ಐನೂರೋ ಸಾವಿರವೋ ತುಣುಕುಗಳಾಗಿ ಕತ್ತರಿಸಿ ಪೆಟ್ಟಿಗೆಯಲ್ಲಿ ತುಂಬಿರುತ್ತಾರೆ. ಒಂದು ತುಣುಕಿನ ಉಬ್ಬು ಮತ್ತೊಂದರ ತಗ್ಗಿನಲ್ಲಿ ಕೂರುವಂತೆ ಅವನ್ನು ಜೋಡಿಸುತ್ತ ಹೋದರೆ ಚಿತ್ರ ಮತ್ತೆ ಮೂಡುತ್ತದೆ. ಆಟವೇನೋ ಅಷ್ಟೆ. ಆದರೆ ಕೊನೆಯ ತುಣುಕು ಕುಳಿತ ಕ್ಷಣದಲ್ಲಿ, ಪೆಟ್ಟಿಗೆಯ ಮೇಲೆ ಎಲ್ಲಿಯೂ ಬರೆದಿರದ ಒಂದು ಪ್ರಶ್ನೆ ಏಳುತ್ತದೆ. ಇದನ್ನು ಕೆಡವಿ ಮತ್ತೆ ಪೆಟ್ಟಿಗೆಗೆ ತುಂಬುವುದೋ, ಅಂಟು ಸವರಿ, ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುವುದೋ?

ಗೋಡೆಗೆ ಏರಿಸಬೇಕೆನ್ನುವವರ ವಾದ ಹಗುರವಾದುದಲ್ಲ. ಸಾವಿರ ತುಣುಕುಗಳ ಚಿತ್ರ ಹಲವು ಸಂಜೆಗಳನ್ನು ಬೇಡುತ್ತದೆ. ಮೊದಲು ನೇರ ಅಂಚಿರುವ ತುಣುಕುಗಳನ್ನು ಆರಿಸಿ ನಾಲ್ಕು ಬದಿಗಳನ್ನು ಕಟ್ಟಬೇಕು. ಉಳಿದವನ್ನು ಬಣ್ಣಕ್ಕನುಗುಣವಾಗಿ ಗುಂಪು ಮಾಡಬೇಕು. ಒಂದೇ ನೀಲಿಯ ಆಕಾಶದ ಭಾಗಕ್ಕೆ ಬಂದಾಗ, ಬಣ್ಣವೂ ಕೈಕೊಟ್ಟ ಮೇಲೆ, ಆಕಾರವೊಂದನ್ನೇ ನಂಬಿ ತಾಳ್ಮೆಯಿಂದ ಕೂರಬೇಕು. ಹೀಗೆ ಕಟ್ಟಿದ್ದನ್ನು ಒಂದು ನಿಮಿಷದಲ್ಲಿ ಕೆಡವಲು ಯಾರ ಮನಸ್ಸು ತಾನೇ ಒಪ್ಪೀತು? 2020ರಲ್ಲಿ ಕೊರೋನಾ ಸೋಂಕಿನ ಕಾರಣದಿಂದ ಜಗತ್ತಿನ ಅನೇಕ ದೇಶಗಳ ಜನರು ಮನೆಯೊಳಗೇ ಉಳಿಯಬೇಕಾದಾಗ ಈ ಒಗಟುಗಳಿಗೆ ಬೇಡಿಕೆ ಹಠಾತ್ತನೆ ಏರಿತು. ಅಂಥ ದಿನಗಳಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಜೋಡಿಸಿದ್ದು ಆ ಕುಟುಂಬದ ಪಾಲಿಗೆ ಬರಿಯ ಚಿತ್ರವಾಗಿರಲಾರದು.

ಆದರೂ ಈ ಆಟ ಹುಟ್ಟಿದ ಬಗೆಯನ್ನು ನೆನೆದರೆ, ಅಂಟಿನ ಡಬ್ಬಿಯತ್ತ ಚಾಚಿದ ಕೈ ಸ್ವಲ್ಪ ತಡೆಯಬೇಕಾಗುತ್ತದೆ.

ಹದಿನೆಂಟನೆಯ ಶತಮಾನದ ಲಂಡನ್ ನಗರದಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ಭೂಪಟಗಾರನಿದ್ದನು. ನಕ್ಷೆಗಳನ್ನು ಕೊರೆದು ಮುದ್ರಿಸುವುದು ಅವನ ಕಸುಬು. 1760ರ ದಶಕದಲ್ಲಿ ಅವನು ಯುರೋಪಿನ ಭೂಪಟವನ್ನು ತೆಳುವಾದ ಮಹಾಗನಿ ಹಲಗೆಗೆ ಅಂಟಿಸಿ, ರಾಜ್ಯಗಳ ಗಡಿಯ ಗುಂಟ ಗರಗಸದಿಂದ ಕೊಯ್ದು, ಆ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದನು. ಮಕ್ಕಳಿಗೆ ಭೂಗೋಳ ಕಲಿಸುವುದು ಅದರ ಉದ್ದೇಶ. ಈ ವಸ್ತುವನ್ನು ವ್ಯಾಪಾರಕ್ಕೆ ತಂದವರಲ್ಲಿ ಅವನೇ ಮೊದಲಿಗನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮಕ್ಕಳು ಕೂಡ ಇಂಥ ಕತ್ತರಿಸಿದ ಭೂಪಟಗಳಿಂದ ಪಾಠ ಕಲಿತರು. ಜಿಗ್‌ಸಾ ಎಂಬ ಗರಗಸದ ಹೆಸರು ಈ ಆಟಕ್ಕೆ ಅಂಟಿಕೊಂಡದ್ದು ಬಹುಕಾಲದ ಅನಂತರ.

ಸ್ಪಿಲ್ಸ್‌ಬರಿ ಮಾಡಿದ ಕೆಲಸ ಚಿಕ್ಕದು. ಅದರ ಅರ್ಥ ಮಾತ್ರ ದೊಡ್ಡದು. ಗೋಡೆಯ ಮೇಲೆ ತೂಗಬೇಕಾದ ಭೂಪಟವನ್ನು ಅವನು ಕೆಳಗಿಳಿಸಿ ಮಗುವಿನ ಕೈಗೆ ಕೊಟ್ಟನು. ತೂಗುವ ಭೂಪಟದಲ್ಲಿ ಫ್ರಾನ್ಸಿನ ಪಕ್ಕಕ್ಕೆ ಸ್ಪೇನ್ ಇರುವುದನ್ನು ಹುಡುಗನು ನೋಡುತ್ತಾನೆ, ಮರೆಯುತ್ತಾನೆ. ಸ್ಪೇನಿನ ತುಂಡನ್ನು ಕೈಯಲ್ಲಿ ಹಿಡಿದು, ಅದನ್ನು ಅತ್ತಿತ್ತ ತಿರುಗಿಸಿ, ಅದರ ಜಾಗವನ್ನು ಹುಡುಕಿದವನಿಗಾದರೋ ಆ ಗಡಿಯ ಡೊಂಕು ಬೆರಳುಗಳಿಗೇ ತಿಳಿದಿರುತ್ತದೆ. ಹಾಗಿರುವಾಗ ಜೋಡಿಸಿ ಮುಗಿದ ಒಗಟಿಗೆ ಅಂಟು ಸವರಿ ಗೋಡೆಗೆ ಹಾಕುವವನು ಸ್ಪಿಲ್ಸ್‌ಬರಿಯ ಕೆಲಸವನ್ನು ಹಿಂದುಮುಂದು ಮಾಡಿದಂತಾಯಿತು. ಭೂಪಟ ಮತ್ತೆ ಗೋಡೆಗೆ ಹೋಗುತ್ತದೆ, ಕೈಗಳು ಬರಿದಾಗುತ್ತವೆ. ಅಂಟು ಒಣಗಿದ ಮೇಲೆ ಆ ಮನೆಯಲ್ಲಿ ಬೆಳೆಯುವ ಮಕ್ಕಳು ಅದನ್ನು ನೋಡಬಹುದೇ ಹೊರತು ಆಡುವಂತಿಲ್ಲ.

ಕೆಡವುವುದರಿಂದ ಆಗುವ ಉಪಕಾರ ಎಷ್ಟು ದೊಡ್ಡದೆಂಬುದಕ್ಕೆ ಅಮೆರಿಕದ ಒಂದು ಕಾಲವೇ ಸಾಕ್ಷಿ. 1929ರಲ್ಲಿ ಆರಂಭವಾದ ಆರ್ಥಿಕ ಕುಸಿತದಿಂದ ಆ ದೇಶದಲ್ಲಿ ಅಸಂಖ್ಯಾತ ಜನರು ಉದ್ಯೋಗ ಕಳೆದುಕೊಂಡಿದ್ದರು. 1932 ಮತ್ತು 1933ರಲ್ಲಿ, ಹಣವಿಲ್ಲದೆ ಬಿಡುವು ಮಾತ್ರ ಇದ್ದ ಆ ಜನರ ನಡುವೆ ಜಿಗ್‌ಸಾ ಒಗಟಿನ ಹುಚ್ಚು ಹಬ್ಬಿತು. ಉಕ್ಕಿನ ಅಲಗುಗಳುಳ್ಳ ಅಚ್ಚಿನಿಂದ ಇಡೀ ರಟ್ಟನ್ನು ಒಂದೇ ಬಾರಿಗೆ ಒತ್ತಿ ಕತ್ತರಿಸುವ ವಿಧಾನ ಬಂದುದರಿಂದ ಬೆಲೆ ಇಳಿಯಿತು. ಪತ್ರಿಕೆ ಮಾರುವ ಅಂಗಡಿಗಳಲ್ಲಿ ವಾರಕ್ಕೊಂದು ಹೊಸ ಚಿತ್ರ 25 ಸೆಂಟುಗಳಿಗೆ ದೊರೆಯುತ್ತಿತ್ತು. ಅದನ್ನೂ ಕೊಳ್ಳಲಾಗದವರಿಗೆ ಬೇರೆ ದಾರಿಯಿತ್ತು. ಪುಸ್ತಕ ಎರವಲು ಕೊಡುವ ಅಂಗಡಿಗಳೂ ಔಷಧದ ಅಂಗಡಿಗಳೂ ಒಗಟುಗಳನ್ನು ಬಾಡಿಗೆಗೆ ಕೊಡತೊಡಗಿದವು. ಕೆಲಸ ಕಳೆದುಕೊಂಡ ಕೆಲವರು ಮನೆಯಲ್ಲಿಯೇ ಮರದ ಒಗಟುಗಳನ್ನು ಕೊಯ್ದು, ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆದರು. ಒಂದು ಮನೆಯಲ್ಲಿ ಜೋಡಣೆಯಾದ ಚಿತ್ರ ಮರುದಿನ ಕೆಡವಿಸಿಕೊಂಡು ಮತ್ತೊಂದು ಮನೆಗೆ ಹೋಗುತ್ತಿತ್ತು. ಮೊದಲ ಮನೆಯವರೇ ಅದನ್ನು ಗೋಡೆಗೆ ಅಂಟಿಸಿದ್ದರೆ ಉಳಿದ ಮನೆಗಳ ಸಂಜೆಗಳೆಲ್ಲ ಅಲ್ಲಿಗೇ ಮುಗಿಯುತ್ತಿದ್ದವು.

ಕೆಡವಿದರೆ ಪಟ್ಟ ಶ್ರಮ ವ್ಯರ್ಥವಾಗುತ್ತದೆಂಬ ಭಾವನೆಯೂ ಪೂರ್ತಿ ನಿಜವಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಹಬ್ಬ ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಪಟ್ಟದ ಗೊಂಬೆಗಳು ವರ್ಷವಿಡೀ ಮೆಟ್ಟಿಲ ಮೇಲೆಯೇ ನಿಂತಿದ್ದರೆ ಮಾರನೆಯ ವರ್ಷ ಅವನ್ನು ಹೊರತೆಗೆಯುವ ಸಂಭ್ರಮ ಎಲ್ಲಿ ಉಳಿಯುತ್ತಿತ್ತು?

ಅಲಂಕಾರದ ದೃಷ್ಟಿಯಿಂದ ನೋಡಿದರೂ ಈ ಚಿತ್ರಗಳ ಪರ ಹೇಳುವುದು ಹೆಚ್ಚಿಲ್ಲ. ಒಗಟಿಗೆ ಚಿತ್ರ ಆರಿಸುವವನು ಪ್ರತಿ ಮೂಲೆಯಲ್ಲಿಯೂ ಏನಾದರೊಂದು ಗುರುತು ಇರಬೇಕೆಂದು ನೋಡುತ್ತಾನೆ: ಬಗೆಬಗೆಯ ಹೂ, ಕಿಟಕಿ, ಹೆಂಚು, ದೋಣಿ. ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆ ಮತ್ತೆ ಮತ್ತೆ ಈ ಪೆಟ್ಟಿಗೆಗಳ ಮೇಲೆ ಕಾಣಿಸಿಕೊಳ್ಳುವುದಕ್ಕೆ ಅದರ ಗೋಪುರಗಳೂ ಸುತ್ತಣ ಮರಗಳೂ ಕಾರಣವಾಗಿರಬೇಕು. ಗೋಡೆಗೆ ಬೇಕಾದುದು ಕಣ್ಣಿಗೆ ವಿಶ್ರಾಂತಿ; ಒಗಟಿಗೆ ಬೇಕಾದುದು ಕಣ್ಣಿಗೆ ಕೆಲಸ. ಒಂದಕ್ಕೆ ಗುಣವಾದದ್ದು ಇನ್ನೊಂದಕ್ಕೆ ದೋಷ. ಇದಲ್ಲದೆ, ಬಿಸಿಲು ಬಿದ್ದರೆ ಮುದ್ರಿತ ಬಣ್ಣ ಮಾಸುತ್ತದೆ. ತೇವ ತಗುಲಿದರೆ ರಟ್ಟು ಉಬ್ಬಿ ಸೊಟ್ಟಗಾಗುತ್ತದೆ. ಮಲೆನಾಡಿನ ಮಳೆಗಾಲವನ್ನು ಇದು ಎಷ್ಟು ವರ್ಷ ತಡೆದೀತೆಂಬುದನ್ನು ಹೇಳಬೇಕಾಗಿಲ್ಲ.

ಗಾತ್ರದ ಹಂಬಲವೂ ಇದಕ್ಕೆ ಸೇರಿಕೊಂಡಿದೆ. ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ 2016ರಲ್ಲಿ 40,320 ತುಣುಕುಗಳ ಒಂದು ಒಗಟನ್ನು ಹೊರತಂದಿತು. ಜೋಡಿಸಿದಾಗ ಅದರ ಉದ್ದ 6.8 ಮೀಟರ್, ಎತ್ತರ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಅದನ್ನು ಮುಗಿಸಿದವರ ಸಾಹಸ ಮೆಚ್ಚತಕ್ಕದ್ದೇ. ಆದರೆ ಅದನ್ನು ತೂಗುಹಾಕಲು ಗೋಡೆಯನ್ನೇ ಹುಡುಕಿಕೊಂಡು ಹೋಗಬೇಕಾದೀತು.

ಇದರ ಎದುರು ತುದಿಯಲ್ಲಿ ನಿಂತವನು ಒಬ್ಬ ಕಾದಂಬರಿಯ ಪಾತ್ರ. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1978ರಲ್ಲಿ ಪ್ರಕಟಿಸಿದ ದೊಡ್ಡ ಕಾದಂಬರಿಯಲ್ಲಿ ಬಾರ್ಟಲ್‌ಬೂತ್ ಎಂಬ ಸಿರಿವಂತನು ಇಪ್ಪತ್ತು ವರ್ಷ ದೇಶದೇಶ ಅಲೆದು ಐನೂರು ಬಂದರುಗಳ ಜಲವರ್ಣ ಚಿತ್ರಗಳನ್ನು ಬರೆಯುತ್ತಾನೆ. ಅವುಗಳಲ್ಲಿ ಒಂದೊಂದನ್ನೂ 750 ತುಣುಕುಗಳ ಒಗಟಾಗಿ ಕೊಯ್ಯಿಸಿ, ಮತ್ತಿಪ್ಪತ್ತು ವರ್ಷ ಅವನ್ನು ಜೋಡಿಸುವುದು ಅವನ ಸಂಕಲ್ಪ. ಜೋಡಿಸಿದ ಚಿತ್ರವನ್ನು ಹಲಗೆಯಿಂದ ಬಿಡಿಸಿ, ಬರೆದ ಬಂದರಿಗೇ ಮರಳಿ ಒಯ್ದು, ದ್ರಾವಣದಲ್ಲಿ ಅದ್ದಿ ಬಿಳಿಯ ಹಾಳೆಯನ್ನಾಗಿ ಮಾಡಬೇಕು. ಏನನ್ನೂ ಉಳಿಸಿಕೊಳ್ಳಬಾರದೆಂಬ ಹಟ ಅವನದು. ಗೋಡೆ ತುಂಬ ತೂಗುಹಾಕುವವನ ಆಸೆ ಅತಿಯಾದರೆ, ಈ ವೈರಾಗ್ಯವೂ ಅತಿಯೇ. ಬಾರ್ಟಲ್‌ಬೂತನ ಒಗಟು ಅವನ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದೇ ಇಲ್ಲ. ಆ ಮಟ್ಟಿಗೆ ಅವನೂ ಅಂಟು ಸವರುವವನ ಬಂಧುವೇ.

ಗೋಡೆಗೆ ಯೋಗ್ಯವಾದ ಒಗಟುಗಳು ಇಲ್ಲವೇ ಇಲ್ಲವೆಂದಲ್ಲ. ಒಂದೇ ಅಚ್ಚಿನಿಂದ ಬೇರೆ ಬೇರೆ ಚಿತ್ರಗಳನ್ನು ಕತ್ತರಿಸಿದಾಗ ಒಂದರ ತುಣುಕು ಇನ್ನೊಂದರಲ್ಲಿಯೂ ಸರಿಯಾಗಿ ಕೂರುತ್ತದೆ. ಅಮೆರಿಕದ ಕಲಾವಿದ ಟಿಮ್ ಕ್ಲೈನ್ ಇದನ್ನು ಬಳಸಿಕೊಂಡು, ಹಳೆಯ ಒಗಟುಗಳನ್ನು ಬೆರೆಸಿ, ಯಾವ ಪೆಟ್ಟಿಗೆಯ ಮೇಲೂ ಇರದಿದ್ದ ಹೊಸ ಚಿತ್ರಗಳನ್ನು ಮಾಡಿದ್ದಾರೆ. ಅವು ಗೋಡೆಯಲ್ಲಿ ಶೋಭಿಸುತ್ತವೆ, ಏಕೆಂದರೆ ಅಲ್ಲಿ ಜೋಡಿಸಿದವನ ಬುದ್ಧಿಯೇ ಚಿತ್ರವಾಗಿದೆ.

ಕಲಾವಿದರಲ್ಲದವರ ಮನೆಯಲ್ಲಿಯೂ ಗೋಡೆಗೆ ತಕ್ಕ ಒಗಟು ಒಂದು ಸಿಕ್ಕೀತು. ಸಾಮಾನ್ಯವಾಗಿ ಜನರು ಎಲ್ಲ ತುಣುಕುಗಳೂ ಇರುವ ಚಿತ್ರವನ್ನು ತೂಗುಹಾಕಿ, ಒಂದು ತುಣುಕು ಕಳೆದುಹೋದುದನ್ನು ಕಸಕ್ಕೆ ಹಾಕುತ್ತಾರೆ. ಇದು ತಿರುವುಮುರುವಾದರೆ ಚೆನ್ನು. ಪೂರ್ಣವಾದುದನ್ನು ಕೆಡವಿ ನೆರೆಮನೆಗೋ ಶಾಲೆಗೋ ಕೊಡಬಹುದು. ಅದರ ಕೆಲಸ ಇನ್ನೂ ಮುಗಿದಿಲ್ಲ. ಕೊರತೆಯುಳ್ಳ ಒಗಟನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ. ಹತ್ತು ಸಂಜೆ ಕುಳಿತು ಕೊನೆಯಲ್ಲಿ ತೂತು ಕಂಡರೆ ಯಾರಿಗಾದರೂ ಬೇಸರವಾಗುತ್ತದೆ. ಅಂಥದಕ್ಕೆ ಅಂಟು ಸವರಿ ಚೌಕಟ್ಟು ಹಾಕಿಸಲಿ. ಆ ಖಾಲಿ ಜಾಗವನ್ನು ಬಣ್ಣದ ಕಾಗದದಿಂದ ಮುಚ್ಚದೆ ಹಾಗೆಯೇ ಬಿಡಲಿ. ಮನೆಗೆ ಬಂದ ಮಕ್ಕಳು ಮೊದಲು ಬೆರಳಿಡುವುದು ಅಲ್ಲಿಗೇ. ಆ ತುಣುಕು ಎಲ್ಲಿ ಹೋಯಿತೆಂದು ಕೇಳುತ್ತಾರೆ. ಕೆಲವರು ಮಂಚದ ಕೆಳಗೆ ಬಗ್ಗಿ ಹುಡುಕುವುದೂ ಉಂಟು.