ಹಳೆಯ ವ್ಯಾನಿಗೆ ಹೊಸ ಸಾಧನ

ಅಮೆರಿಕದಲ್ಲಿರುವ ಶಿಷ್ಯರೊಬ್ಬರು ತಮ್ಮ ಹಳೆಯ ವ್ಯಾನಿಗೆ ಕ್ರೂಸ್ ಕಂಟ್ರೋಲ್ ಜೋಡಿಸಬಹುದೇ ಎಂದು ಕೇಳಿದ್ದಾರೆ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ರಾಲ್ಫ್ ಟೀಟರ್ ಎಂಬ ಇಂಜಿನಿಯರರು ರೂಪಿಸಿದ ಈ ಸಾಧನ 1958ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಬಂದಿತು. ದೀರ್ಘ ಪ್ರಯಾಣದಲ್ಲಿ ಕಾಲಿಗೆ ವಿಶ್ರಾಂತಿ ನೀಡುವ ಇದನ್ನು ಜೋಡಿಸುವುದು ತಪ್ಪಲ್ಲ.

ಆದರೆ ಹಳೆಯ ವಾಹನದಲ್ಲಿ ಇದು ಆಕ್ಸಿಲರೇಟರ್ ಕೇಬಲ್ಲನ್ನೇ ಎಳೆದು ಹಿಡಿಯುವಂಥದು. ಕೇಬಲ್ಲು ಸವೆದು ಸಿಕ್ಕಿಕೊಂಡರೆ, ಬ್ರೇಕ್ ತುಳಿದು ಸಾಧನವು ಬಿಟ್ಟರೂ ಎಂಜಿನ್ನಿನ ವೇಗ ಇಳಿಯದು. ಆದ್ದರಿಂದ ಮೊದಲು ಕೇಬಲ್ಲು, ಅದನ್ನು ಹಿಂದೆಳೆಯುವ ಸ್ಪ್ರಿಂಗು ಎರಡನ್ನೂ ಸರಿಪಡಿಸಿಕೊಳ್ಳಬೇಕು. ಗೇರು ಕೈಯಿಂದ ಬದಲಿಸುವ ವ್ಯಾನಾದರೆ ಬ್ರೇಕಿನಂತೆ ಕ್ಲಚ್ಚಿಗೂ ಸ್ವಿಚ್ ಅಳವಡಿಸಲೇಬೇಕು. ಇಲ್ಲವಾದರೆ ಕ್ಲಚ್ ತುಳಿದೊಡನೆ ಎಂಜಿನ್ ಅಬ್ಬರಿಸುತ್ತದೆ. ಜಾರುವ ರಸ್ತೆಯಲ್ಲಿ, ಮಳೆಯಲ್ಲಿ ಇದರ ಬಳಕೆ ಸಲ್ಲದು.

ವೇಗವನ್ನು ಹಿಡಿಯುವ ಯಂತ್ರವನ್ನು ಕೊಳ್ಳುವವರು, ಅದು ಬಿಡುವುದನ್ನು ಮೊದಲು ಪರೀಕ್ಷಿಸಲಿ ಎಂಬುದೇ ನನ್ನ ಅಭಿಪ್ರಾಯ.